‘ಧರ್ಮಪತ್ತಿ’ ತಂದ ಪಾಠ

ಹೊಸಕೋಟೆಯ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. 27 ಇಂಚಿನ ಹೊಸ 4ಕೆ ಮಾನಿಟರ್‌ನಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟು ಕಂಡವು. ಜಾಣತನ ತೋರಿಸಲು ಹೋಗಿ ರೆಸಲ್ಯೂಷನ್ ಅನ್ನು 2560×1440ಕ್ಕೆ ಇಳಿಸಿದೆ. ಅಕ್ಷರ ದೊಡ್ಡದಾಯಿತು, ಮಸುಕೂ ಆಯಿತು. ಲಗ್ನಪತ್ರಿಕೆಯಲ್ಲಿ ನಾನು ‘ಧರ್ಮಪತ್ನಿ’ಯನ್ನು ‘ಧರ್ಮಪತ್ತಿ’ ಎಂದು ಟೈಪಿಸಿದ್ದು ಕಣ್ಣಿಗೆ ಬೀಳಲೇ ಇಲ್ಲ. 500 ಕಾರ್ಡ್ ಅಚ್ಚಾದವು. ಖರ್ಚನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು.

ಆ ಪರದೆಯಲ್ಲಿರುವುದು 3840×2160 ಚುಕ್ಕಿ. 1440ಕ್ಕೆ ಇಳಿಸಿದರೆ ಪ್ರತಿ ಚುಕ್ಕಿ ಅಡ್ಡಕ್ಕೂ ಉದ್ದಕ್ಕೂ ಒಂದೂವರೆಯಷ್ಟು ಹಿಗ್ಗಬೇಕು. ಅರ್ಧ ಚುಕ್ಕಿ ಎಲ್ಲಿಂದ ಬಂದೀತು? ಪಕ್ಕದ ಬಣ್ಣ ಕಲಸಿ ಸರಿದೂಗಿಸುತ್ತದೆ. ಇಂಗ್ಲಿಷನ್ನು ಹೇಗೋ ಓದಬಹುದು, ನಮ್ಮ ಒತ್ತಕ್ಷರದ ಗತಿ?

ಈಗ ರೆಸಲ್ಯೂಷನ್ ಮುಟ್ಟುವುದಿಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ ಶೇ 150 ಇಟ್ಟಿದ್ದೇನೆ. ಅಕ್ಷರ ಅಷ್ಟೇ ದೊಡ್ಡದು, ಅಂಚು ಮಾತ್ರ ಸ್ಪಷ್ಟ. ಹೊಸ ಕಾರ್ಡುಗಳನ್ನು ನಾನೇ ಮದುವೆ ಮನೆಗೆ ಮುಟ್ಟಿಸಿದೆ. ಹುಡುಗಿಯ ತಂದೆ ಕನ್ನಡಕ ಏರಿಸಿ, ‘ಪತ್ನಿ’ಯ ಮೇಲೆ ಬೆರಳಿಟ್ಟು ಓದಿದರು.