ಸೂಕ್ಷ್ಮಾಣು ಎಲ್ಲರೊಳಗೂ, ಕಾಯಿಲೆ ಕೆಲವರಿಗೆ ಮಾತ್ರ: ಶ್ವಾಸಕೋಶದ ಸೋಂಕು ಯಾರನ್ನು, ಯಾಕೆ ಹಿಡಿಯುತ್ತೆ?

2020ರಲ್ಲಿ ಕೊರೊನಾ ಬಂದಾಗ ನಮ್ಮೆಲ್ಲರ ನಾಲಿಗೆಗೆ ಹತ್ತಿದ ಪದ ‘ಇಮ್ಯುನಿಟಿ’. ಕಷಾಯದ ಪುಡಿಯಿಂದ ಹಿಡಿದು ಅರಿಶಿನದ ಹಾಲಿನವರೆಗೆ ಎಲ್ಲದರ ಮೇಲೂ ಅದೇ ಹೆಸರು. ಅಂದಿನಿಂದ ಯಾರಿಗಾದರೂ ನ್ಯುಮೋನಿಯಾ ಆಯ್ತು, ಟಿಬಿ ಬಂತು ಅಂದರೆ ‘ಅವರಿಗೆ ಇಮ್ಯುನಿಟಿ ಕಡಿಮೆ ಇತ್ತು ಬಿಡಿ’ ಅನ್ನುವ ಮಾತು ತಕ್ಷಣ ಬರುತ್ತೆ. ಆ ಮಾತು ಸುಳ್ಳಲ್ಲ. ಆದರೆ ಅಲ್ಲಿಗೇ ನಿಂತರೆ ಅದು ಉತ್ತರವೂ ಅಲ್ಲ. ಯಾಕೆ ಕಡಿಮೆ ಇತ್ತು? ಅವರಿಗೇ ಯಾಕೆ, ಪಕ್ಕದ ಬಡಾವಣೆಯವರಿಗೆ ಯಾಕಿಲ್ಲ? ಈ ಪ್ರಶ್ನೆ ಕೇಳೋಕೆ ಶುರು ಮಾಡಿದ ಕೂಡಲೇ ನಾವು ವೈದ್ಯರ ಕೋಣೆಯಿಂದ ಹೊರಬಂದು ಪಡಿತರ ಅಂಗಡಿ, ಕಲ್ಲು ಕ್ವಾರಿ, ಬಜೆಟ್ ಭಾಷಣದ ಮುಂದೆ ನಿಂತಿರುತ್ತೇವೆ ಅನ್ನೋದು ನನ್ನ ವಾದ.

ಮೊದಲು ವಿಜ್ಞಾನ ನೋಡೋಣ.

ಶ್ವಾಸಕೋಶದ ಕಾವಲು ಪಡೆ

ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಒಳಗೆಳೆದುಕೊಳ್ಳುತ್ತೇವೆ. ಅದರ ಜೊತೆ ಧೂಳು, ಹೊಗೆ, ಬ್ಯಾಕ್ಟೀರಿಯಾ, ವೈರಸ್ ಎಲ್ಲವೂ ಒಳಗೆ ಹೋಗುತ್ತವೆ. ಆದರೂ ನಮ್ಮಲ್ಲಿ ಹೆಚ್ಚಿನವರು ಹೆಚ್ಚಿನ ದಿನ ಆರೋಗ್ಯವಾಗೇ ಇರುತ್ತೇವೆ. ಕಾರಣ, ಶ್ವಾಸಕೋಶಕ್ಕೆ ಹಲವು ಸುತ್ತಿನ ಕಾವಲು ಇದೆ. ಮೂಗು ದೊಡ್ಡ ಕಣಗಳನ್ನು ತಡೆಯುತ್ತೆ. ಶ್ವಾಸನಾಳದ ಗೋಡೆಯ ಮೇಲಿನ ಲೋಳೆ ಉಳಿದದ್ದನ್ನು ಅಂಟಿಸಿಕೊಳ್ಳುತ್ತೆ. ಆ ಲೋಳೆಯನ್ನು ಸಣ್ಣ ಕೂದಲಿನಂಥ ರಚನೆಗಳು ಮೇಲಕ್ಕೆ ತಳ್ಳುತ್ತಾ ಇರುತ್ತವೆ. ಕೆಮ್ಮು ಅದನ್ನು ಹೊರಗೆ ಹಾಕುತ್ತೆ. ಇಷ್ಟನ್ನೂ ದಾಟಿ ತೀರಾ ಆಳಕ್ಕೆ ಇಳಿದ ಸೂಕ್ಷ್ಮಾಣುವನ್ನು ಗಾಳಿಗೂಡುಗಳಲ್ಲಿರುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ನುಂಗಿ ಜೀರ್ಣಿಸಿಕೊಳ್ಳುತ್ತವೆ.

ಈ ಸುತ್ತುಗಳಲ್ಲಿ ಯಾವುದು ಸಡಿಲವಾದರೂ ಸೋಂಕಿಗೆ ದಾರಿ. ಎಳೆ ಮಕ್ಕಳ ಶ್ವಾಸನಾಳ ಕಿರಿದು, ರೋಗನಿರೋಧಕ ವ್ಯವಸ್ಥೆ ಇನ್ನೂ ಕಲಿಯುತ್ತಾ ಇರುತ್ತೆ. ವಯಸ್ಸಾದವರಲ್ಲಿ ಕೆಮ್ಮಿನ ಶಕ್ತಿಯೇ ಕುಗ್ಗುತ್ತೆ. ಸಿಗರೇಟು, ಬೀಡಿ, ಸೌದೆ ಒಲೆಯ ಹೊಗೆ ಆ ಸಣ್ಣ ಕೂದಲುಗಳನ್ನು ಹಾಳು ಮಾಡುತ್ತೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ರಕ್ಷಕ ಕೋಶಗಳು ಮಂಕಾಗುತ್ತವೆ. ಎಚ್‌ಐವಿ ಅವುಗಳ ಮುಖ್ಯಸ್ಥರನ್ನೇ ಕೊಲ್ಲುತ್ತೆ. ಕೆಲವರಿಗೆ ಹುಟ್ಟಿನಿಂದಲೇ, ಅಂದರೆ ವಂಶವಾಹಿಯ ಕಾರಣದಿಂದ, ಲೋಳೆ ಗಟ್ಟಿಯಾಗಿರುವ ಅಥವಾ ಕೂದಲುಗಳು ಕೆಲಸ ಮಾಡದಿರುವ ತೊಂದರೆ ಇರುತ್ತೆ.

ಪಠ್ಯಪುಸ್ತಕದ ಪಟ್ಟಿ ಇಷ್ಟು. ಇದರಲ್ಲಿ ತಪ್ಪಿಲ್ಲ. ಆದರೆ ಭಾರತದ ಮಟ್ಟಿಗೆ ಈ ಪಟ್ಟಿಯ ಮೇಲ್ಭಾಗದಲ್ಲಿ ಇರಬೇಕಾದ ಒಂದು ಕಾರಣ ಸಾಮಾನ್ಯವಾಗಿ ಕೆಳಗೆಲ್ಲೋ ಇರುತ್ತೆ. ಅದು ಹಸಿವು. ಇದನ್ನು ಅರ್ಥ ಮಾಡಿಕೊಳ್ಳೋಕೆ ಕ್ಷಯರೋಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸೆರೆಯಲ್ಲಿ ಸೂಕ್ಷ್ಮಾಣು

ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕೋಕ್ ಗುರುತಿಸಿದ್ದು 1882ರಲ್ಲಿ. ಆಗಿನಿಂದ ನಮ್ಮ ತಲೆಯಲ್ಲಿ ಒಂದು ಸರಳ ಸಮೀಕರಣ ಕೂತಿದೆ: ಸೂಕ್ಷ್ಮಾಣು ಒಳಗೆ ಹೋದರೆ ಕಾಯಿಲೆ. ನಿಜ ಸಂಗತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ನಾಲ್ಕು ಜನರಲ್ಲಿ ಸುಮಾರು ಒಬ್ಬರಿಗೆ ಈ ಸೋಂಕು ತಗುಲಿದೆ. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ.

ಉಳಿದ 90 ಮಂದಿಯಲ್ಲಿ ಏನಾಗುತ್ತೆ? ರಕ್ಷಕ ಕೋಶಗಳು ಸೂಕ್ಷ್ಮಾಣುವನ್ನು ನುಂಗುತ್ತವೆ. ಪೂರ್ತಿ ಕೊಲ್ಲಲಾಗದಿದ್ದರೆ ಸುತ್ತ ಬೇರೆ ಕೋಶಗಳು ಬಂದು ಗೋಡೆ ಕಟ್ಟಿ ಕೂಡಿ ಹಾಕುತ್ತವೆ. ಒಂಥರಾ ಜೈಲು. ಎಷ್ಟೋ ಜನರಲ್ಲಿ ಈ ಜೈಲು ಸಾಯುವವರೆಗೂ ಗಟ್ಟಿಯಾಗೇ ಇರುತ್ತೆ. ಒಳಗೆ ಕೈದಿ ಇದ್ದಾನೆ ಅನ್ನೋದೂ ಅವರಿಗೆ ಗೊತ್ತಿರಲ್ಲ.

ಆದರೆ ಜೈಲಿನ ಕಾವಲುಗಾರರಿಗೂ ಊಟ ಬೇಕಲ್ಲ? ರೋಗನಿರೋಧಕ ಕೋಶಗಳು ಪ್ರೋಟೀನಿನಿಂದಲೇ ಆಗುವಂಥವು. ಹಳೆಯವು ಸತ್ತು ಹೊಸವು ಹುಟ್ಟುತ್ತಲೇ ಇರಬೇಕು. ದೇಹಕ್ಕೆ ಅನ್ನ, ಬೇಳೆ, ಮೊಟ್ಟೆ, ಹಾಲು ಸಾಲದಾದಾಗ ದೇಹ ಮೊದಲು ಹೃದಯ, ಮಿದುಳನ್ನು ಉಳಿಸಿಕೊಳ್ಳುತ್ತೆ, ಕಾವಲು ಪಡೆಗೆ ಖರ್ಚು ಕಡಿತ ಮಾಡುತ್ತೆ. ಗೋಡೆ ಬಿರುಕು ಬಿಡುತ್ತೆ, ಕೈದಿ ಹೊರಗೆ ಬರುತ್ತಾನೆ. ಎಚ್‌ಐವಿ ಮಾಡುವ ಕೆಲಸವನ್ನೇ ಹಸಿವು ನಿಧಾನವಾಗಿ, ಸದ್ದಿಲ್ಲದೆ ಮಾಡುತ್ತೆ. ಎಚ್‌ಐವಿ ಇರುವ ಒಬ್ಬರಿಗೆ ಆಗುವ ಅಪಾಯ ಇದಕ್ಕಿಂತ ಬಹಳ ದೊಡ್ಡದು, ನಿಜ. ಆದರೆ ನಮ್ಮ ದೇಶದಲ್ಲಿ ಅರೆಹೊಟ್ಟೆಯಲ್ಲಿ ಇರುವವರ ಸಂಖ್ಯೆ ಎಚ್‌ಐವಿ ಇರುವವರ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಒಟ್ಟು ಲೆಕ್ಕದಲ್ಲಿ ಭಾರತದ ಅತಿ ದೊಡ್ಡ ‘ಇಮ್ಯುನಿಟಿ’ ಸಮಸ್ಯೆ ಹಸಿವೇ.

ಕನ್ನಡದಲ್ಲಿ ಈ ಕಾಯಿಲೆಯ ಹೆಸರೇ ‘ಕ್ಷಯ’. ಕರಗಿಹೋಗುವುದು, ಸವೆಯುವುದು. ಕಾಯಿಲೆ ಬಂದ ಮೇಲೆ ದೇಹ ಸವೆಯುತ್ತೆ ಅನ್ನೋದನ್ನು ಎಲ್ಲರೂ ನೋಡಿದ್ದಾರೆ. ಸವೆದ ದೇಹಕ್ಕೇ ಕಾಯಿಲೆ ಬರುತ್ತೆ ಅನ್ನೋದನ್ನು ನಾವು ಅಷ್ಟಾಗಿ ನೋಡಿಲ್ಲ.

ತೂಕದ ಯಂತ್ರ ಹೇಳಿದ ಕಥೆ

ಛತ್ತೀಸ್‌ಗಢದ ಗನಿಯಾರಿ ಎಂಬ ಊರಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ಆಸ್ಪತ್ರೆ ನಡೆಸುತ್ತೆ. ಅಲ್ಲಿಗೆ ಬಂದ ಸುಮಾರು 1,700 ಟಿಬಿ ರೋಗಿಗಳ ತೂಕದ ಲೆಕ್ಕವನ್ನು ವೈದ್ಯರು 2013ರಲ್ಲಿ ಪ್ರಕಟಿಸಿದರು. ಗಂಡಸರಲ್ಲಿ ಅರ್ಧದಷ್ಟು ಜನರ ತೂಕ 42 ಕೆಜಿ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ. ಹೆಂಗಸರಲ್ಲಿ ಅರ್ಧದಷ್ಟು ಜನರದ್ದು 34 ಕೆಜಿ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಬೆಳೆದ ಹೆಂಗಸು, 34 ಕೆಜಿ. ಒಮ್ಮೆ ಯೋಚಿಸಿ.

ಆ ಲೆಕ್ಕ ತೆಗೆದವರಲ್ಲಿ ಒಬ್ಬರು ಡಾ. ಅನುರಾಗ್ ಭಾರ್ಗವ. ನಂತರ ಅವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿಗೆ ಬಂದರು. ಅಲ್ಲಿಂದ ಅವರು, ಡಾ. ಮಾಧವಿ ಭಾರ್ಗವ ಮತ್ತು ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2019ರಲ್ಲಿ ಒಂದು ದೊಡ್ಡ ಪ್ರಯೋಗ ಶುರು ಮಾಡಿದರು. ಅದರ ಹೆಸರು ‘ರೇಷನ್ಸ್’. 2,800 ರೋಗಿಗಳು, ಅವರ ಮನೆಗಳ 10,345 ಜನ. ಎಲ್ಲ ರೋಗಿಗಳಿಗೂ ಔಷಧದ ಜೊತೆ ಆಹಾರದ ಕಿಟ್ ಕೊಟ್ಟರು. ಮನೆಮಂದಿಯನ್ನು ಮಾತ್ರ ಎರಡು ಗುಂಪು ಮಾಡಿದರು. ಒಂದು ಗುಂಪಿನ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಇನ್ನೊಂದು ಗುಂಪಿನ ಮನೆಮಂದಿ ಎಂದಿನಂತೆ.

ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂತು. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಗಿತ್ತು. ಬೇರೆಯವರಿಗೆ ಹರಡಬಲ್ಲ, ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಟಿಬಿಯನ್ನಷ್ಟೇ ಲೆಕ್ಕ ಹಾಕಿದರೆ ಶೇ 48ರಷ್ಟು. ರೋಗಿಗಳಲ್ಲೂ ಅಷ್ಟೇ: ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಕಂಡುಬಂತು.

ಇಲ್ಲಿ ಗಮನಿಸಬೇಕಾದ್ದು, ಎರಡೂ ಗುಂಪಿನವರ ಮನೆಯ ಗಾಳಿಯಲ್ಲಿ ಅದೇ ಸೂಕ್ಷ್ಮಾಣು ಇತ್ತು. ಜಿಲ್ಲೆಯೂ ಅದೇ, ಬಡತನವೂ ಅದೇ. ಬೇರೆ ಇದ್ದದ್ದು ತಟ್ಟೆ ಮಾತ್ರ. ಆ ತಟ್ಟೆಗೆ ಆದ ಖರ್ಚು ಒಬ್ಬರಿಗೆ ತಿಂಗಳಿಗೆ ಅಂದಿನ ಬೆಲೆಯಲ್ಲಿ 350 ರೂಪಾಯಿಗಿಂತ ಕಡಿಮೆ. ಅಷ್ಟು ದುಡ್ಡಿಗೆ ಇಷ್ಟು ರಕ್ಷಣೆ ಕೊಡುವ ಲಸಿಕೆಯೊಂದು ಬಂದಿದ್ದರೆ ದೇಶದ ತುಂಬಾ ಫ್ಲೆಕ್ಸ್ ಹಾಕುತ್ತಿದ್ದೆವು.

ಇತಿಹಾಸವೂ ಇದನ್ನೇ ಹೇಳುತ್ತೆ. ಟಿಬಿಗೆ ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಆದರೆ ಇಂಗ್ಲೆಂಡ್‌ನಲ್ಲಿ ಟಿಬಿ ಸಾವುಗಳು 19ನೇ ಶತಮಾನದ ಮಧ್ಯಭಾಗದಿಂದಲೇ ಇಳಿಯುತ್ತಾ ಬಂದಿದ್ದವು. ಊಟ, ಮನೆ, ಕೂಲಿ ಸುಧಾರಿಸಿದ್ದು ಎಷ್ಟು, ರೋಗಿಗಳನ್ನು ಬೇರೆ ಇರಿಸಿದ್ದು ಎಷ್ಟು ಕಾರಣ ಅಂತ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಆದರೆ ಅಷ್ಟು ಕಮ್ಮಿ ಅವಧಿಯಲ್ಲಿ ಇಂಗ್ಲಿಷರ ವಂಶವಾಹಿ ಬದಲಾಗಲಿಲ್ಲ ಅನ್ನೋದಂತೂ ಖಂಡಿತ. ಬದಲಾದದ್ದು ಬದುಕಿನ ಸ್ಥಿತಿ.

ಧೂಳು ತಿನ್ನುವ ಕೆಲಸ

ತಟ್ಟೆಯ ನಂತರ ಕೆಲಸ. ಕಲ್ಲು ಒಡೆಯುವಾಗ, ಕೊರೆಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತೆ. ಅದರ ಅತಿಸಣ್ಣ ಕಣ ಗಾಳಿಗೂಡಿಗೆ ಇಳಿದಾಗ ನಮ್ಮ ರಕ್ಷಕ ಕೋಶಗಳು ಅದನ್ನೂ ನುಂಗುತ್ತವೆ. ಆದರೆ ಕಲ್ಲನ್ನು ಜೀರ್ಣಿಸಿಕೊಳ್ಳೋಕೆ ಆಗಲ್ಲ. ಕೋಶವೇ ಸಾಯುತ್ತೆ, ಕಣ ಹೊರಬೀಳುತ್ತೆ, ಇನ್ನೊಂದು ಕೋಶ ನುಂಗಿ ಅದೂ ಸಾಯುತ್ತೆ. ವರ್ಷಗಟ್ಟಲೆ ಹೀಗೇ ನಡೆದು ಶ್ವಾಸಕೋಶದಲ್ಲಿ ಗಾಯದ ಕಲೆಗಳು ತುಂಬುತ್ತವೆ. ಇದು ಸಿಲಿಕೋಸಿಸ್. ಕಾವಲುಗಾರರೇ ಸತ್ತ ಆ ಶ್ವಾಸಕೋಶಕ್ಕೆ ಟಿಬಿ ಬರುವ ಅಪಾಯ ಹಲವು ಪಟ್ಟು.

ಕರ್ನಾಟಕಕ್ಕೆ ಇದು ಹೊಸ ಕಥೆಯಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು. ಭಾರತದಲ್ಲಿ ಈ ರೋಗ ಮೊದಲು ದಾಖಲಾದ ಜಾಗಗಳಲ್ಲಿ ಕೆಜಿಎಫ್ ಕೂಡ ಒಂದು. ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲು ಕ್ವಾರಿ, ಕ್ರಷರ್, ಗ್ರಾನೈಟ್ ಪಾಲಿಶ್ ಘಟಕಗಳು ಮುಚ್ಚಿಲ್ಲ. ಅಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಗುತ್ತಿಗೆಯವರು, ವಲಸಿಗರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಕಾಯಿಲೆಯ ಹೊಣೆ ಹೊರುವ ಮಾಲೀಕ ಎಲ್ಲಿಂದ ಬರಬೇಕು? ಸಿಲಿಕೋಸಿಸ್ ಅಂತ ಬರೆದರೆ ಪರಿಹಾರದ ಪ್ರಶ್ನೆ ಏಳುತ್ತೆ. ಬರೀ ಟಿಬಿ ಅಂತ ಬರೆದರೆ ಮಾತ್ರೆ ಕೊಟ್ಟು ಮುಗಿಸಬಹುದು.

ಇದೇ ಸಾಲಿಗೆ ಸೇರುವವರು ಇನ್ನೂ ಇದ್ದಾರೆ. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಕುಟುಂಬಗಳು. ಹೊಗೆ ತುಂಬಿದ ಅಡುಗೆಮನೆಯಲ್ಲಿ ದಿನ ಕಳೆಯುವ ಹೆಂಗಸರು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ದೇಶದ ನೂರಕ್ಕೆ ಸುಮಾರು 40 ಮನೆಗಳಲ್ಲಿ ಅಡುಗೆಗೆ ಸ್ವಚ್ಛ ಇಂಧನ ಇರಲಿಲ್ಲ. ಮತ್ತು ಸೆರೆಮನೆಯಲ್ಲಿ ಇರುವವರು: ಜಗತ್ತಿನಾದ್ಯಂತ ಕೈದಿಗಳಲ್ಲಿ ಟಿಬಿ ಹೊರಗಿನವರಿಗಿಂತ ಸುಮಾರು 10 ಪಟ್ಟು. ನಮ್ಮ ಜೈಲುಗಳಲ್ಲಿ ಹೆಚ್ಚಿನವರು ವಿಚಾರಣಾಧೀನರು ಅನ್ನೋದನ್ನು ಇದರ ಪಕ್ಕ ಇಟ್ಟು ಓದಿ.

ಹಾಗಾದ್ರೆ ಸರ್ಕಾರ ಏನು ಮಾಡ್ತಿದೆ?

ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತೆ. ಟಿಬಿ ಪರೀಕ್ಷೆ, ಔಷಧ ಎರಡೂ ಉಚಿತ. 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಭಾರತದಲ್ಲಿ ಲಕ್ಷ ಜನಕ್ಕೆ ಹೊಸ ಟಿಬಿ ಪ್ರಕರಣ 2015ರಲ್ಲಿ 237 ಇದ್ದದ್ದು 2024ಕ್ಕೆ 187ಕ್ಕೆ ಇಳಿದಿದೆ. ಇದು ಒಳ್ಳೆಯ ಸುದ್ದಿಯೇ. ಆದರೆ 2025ರೊಳಗೆ ಟಿಬಿ ಮುಗಿಸುತ್ತೇವೆ ಅಂತ 2018ರಲ್ಲಿ ಘೋಷಿಸಿದ್ದೆವಲ್ಲ, ಆ ಗುರಿಗೂ ಈ ಅಂಕಿಗೂ ಭಾರೀ ದೂರ. ಇಂದಿಗೂ ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮವರು.

ನನ್ನ ತಕರಾರು ಇಲ್ಲಿದೆ. ರೇಷನ್ಸ್ ಪ್ರಯೋಗ ತೋರಿಸಿದ್ದು ಮನೆಮಂದಿಗೆ ಆಹಾರ ಕೊಟ್ಟರೆ ಕಾಯಿಲೆಯೇ ಬರದಂತೆ ತಡೆಯಬಹುದು ಅಂತ. ಸರ್ಕಾರ 2024ರಲ್ಲಿ ಮನೆಮಂದಿಯನ್ನೂ ಆಹಾರದ ಕಿಟ್‌ಗೆ ಸೇರಿಸಿತು, ಆದರೆ ‘ನಿಕ್ಷಯ್ ಮಿತ್ರ’ರ ಮೂಲಕ. ಅಂದರೆ ದಾನಿಗಳ ಮೂಲಕ. ದಾನಿ ಸಿಕ್ಕ ಮನೆಗೆ ಬೇಳೆ, ಸಿಗದ ಮನೆಗೆ ಇಲ್ಲ. ಔಷಧವನ್ನು ನಾವು ಹೀಗೆ ಹಂಚಲ್ಲ. ಮಾತ್ರೆ ಹಕ್ಕಾಗಿದ್ದು, ಅಷ್ಟೇ ಕೆಲಸ ಮಾಡುವ ಬೇಳೆ ಮಾತ್ರ ಭಿಕ್ಷೆ ಯಾಕಾಗಬೇಕು?

ನಮ್ಮ ರಾಜ್ಯದ ಕಡೆ ತಿರುಗಿದರೆ, ಅನ್ನಭಾಗ್ಯ ಹೊಟ್ಟೆ ತುಂಬಿಸುವ ದೊಡ್ಡ ಕೆಲಸ ಮಾಡಿದೆ. ಆದರೆ ಕಾವಲು ಪಡೆಗೆ ಬರೀ ಅಕ್ಕಿ ಸಾಲದು, ಪ್ರೋಟೀನ್ ಬೇಕು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 17 ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಇನ್ನು 2021ರಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತದ್ದು ನೆನಪಿದೆ ಅಲ್ವಾ? ಮೊಟ್ಟೆ ಶುರುವಾಗಿದ್ದು ಬೀದರ್, ರಾಯಚೂರು, ಯಾದಗಿರಿಯಂಥ ಜಿಲ್ಲೆಗಳಲ್ಲಿ, ಅಂದರೆ ಮಕ್ಕಳ ಅಪೌಷ್ಟಿಕತೆ ಹೆಚ್ಚಿರುವಲ್ಲಿ. ಅದನ್ನು ಸಂಸ್ಕೃತಿಯ ಜಗಳ ಅಂತ ಟಿವಿಯಲ್ಲಿ ತೋರಿಸಿದರು. ನನಗೆ ಅದು ಶ್ವಾಸಕೋಶದ ಜಗಳವಾಗಿಯೂ ಕಾಣುತ್ತೆ.

ಕೇಳಬೇಕಾದ ಪ್ರಶ್ನೆ

ವೈಯಕ್ತಿಕವಾಗಿ ಮಾಡಬಹುದಾದದ್ದು ಇದೆ, ಮಾಡಿ. ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಬೀಡಿ-ಸಿಗರೇಟು ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಿದ್ದರೆ ಉಳಿದವರಿಗೆ ತಡೆಗಟ್ಟುವ ಮಾತ್ರೆಯೂ ಇದೆ, ಕೇಳಿ ಪಡೆಯಿರಿ.

ಆದರೆ ಕ್ವಾರಿಯಲ್ಲಿ ದುಡಿಯುವವನಿಗೆ ‘ಧೂಳಿಂದ ದೂರ ಇರು’ ಅಂತ, 34 ಕೆಜಿ ತೂಗುವ ಹೆಂಗಸಿಗೆ ‘ಚೆನ್ನಾಗಿ ತಿನ್ನಮ್ಮ’ ಅಂತ ಹೇಳುವುದು ಸಲಹೆಯಲ್ಲ, ಕ್ರೌರ್ಯ. ಅವರ ಪರವಾಗಿ ಕೇಳಬೇಕಾದ್ದು ಮೂರೇ: ಟಿಬಿ ಬಂದ ಪ್ರತಿ ಮನೆಯ ಎಲ್ಲರಿಗೂ ಬೇಳೆ ಸಹಿತ ಪಡಿತರ, ದಾನವಾಗಿ ಅಲ್ಲ, ಹಕ್ಕಾಗಿ. ಧೂಳಿನ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಹಾಜರಿಯಲ್ಲಿ ಹೆಸರಿರಲಿ ಬಿಡಲಿ, ವರ್ಷಕ್ಕೊಮ್ಮೆ ಎದೆಯ ತಪಾಸಣೆ. ಮಕ್ಕಳ ತಟ್ಟೆಯ ಮೊಟ್ಟೆ ಯಾರ ಮಡಿವಂತಿಕೆಗೂ ಬಲಿಯಾಗದ ಖಾತ್ರಿ.

ಮುಂದಿನ ಚುನಾವಣೆಗೆ ನಿಮ್ಮ ಬೀದಿಗೆ ಬರುವ ಅಭ್ಯರ್ಥಿಯ ಹತ್ತಿರ ರಸ್ತೆ, ನೀರು ಕೇಳುವಾಗ ಇದನ್ನೂ ಕೇಳಿ. ನಿಮ್ಮ ತಾಲ್ಲೂಕಿನಲ್ಲಿ ಟಿಬಿ ಬಂದ ಮನೆಗಳೆಷ್ಟು, ಅವುಗಳಲ್ಲಿ ಎಷ್ಟಕ್ಕೆ ಈ ತಿಂಗಳು ಬೇಳೆ ಹೋಗಿದೆ ಅಂತ.