ಮೆಗ್ನೀಸಿಯಮ್ ಏಕೆ ಸೋತಿತು?

ಔಷಧವೊಂದು ಸಣ್ಣ ಪರೀಕ್ಷೆಗಳಲ್ಲಿ ಗೆದ್ದು ದೊಡ್ಡ ಪರೀಕ್ಷೆಯಲ್ಲಿ ಸೋತರೆ ‘ಔಷಧ ಕೈಕೊಟ್ಟಿತು’ ಎನ್ನುವುದು ವಾಡಿಕೆ. ಆದರೆ ಔಷಧವು ಮೊದಲು ಹೇಗಿತ್ತೋ ಕೊನೆಗೂ ಹಾಗೆಯೇ ಇರುತ್ತದೆ. ಅನೇಕ ವೇಳೆ ಕೈಕೊಟ್ಟದ್ದು ನಮ್ಮ ಲೆಕ್ಕ. ಹೃದಯಾಘಾತದ ಚಿಕಿತ್ಸೆಯಲ್ಲಿ ಮೆಗ್ನೀಸಿಯಮ್ ಲವಣವು ಕಂಡ ಏಳುಬೀಳುಗಳು ಇದಕ್ಕೆ ಒಳ್ಳೆಯ ನಿದರ್ಶನ.

ಮೆಗ್ನೀಸಿಯಮ್ ಸಲ್ಫೇಟ್ ಎಂದರೆ ವಿರೇಚನಕ್ಕೆ ಬಳಸುವ ಎಪ್ಸಮ್ ಉಪ್ಪೇ. ಬೆಲೆ ಅತ್ಯಲ್ಪ. ಇದನ್ನು ರಕ್ತನಾಳದ ಮೂಲಕ ಕೊಟ್ಟರೆ ಹೃದಯದ ಬಡಿತವು ತಾಳ ತಪ್ಪದೆ, ಸ್ನಾಯುವಿಗೆ ಆಗುವ ಹಾನಿ ಕಡಿಮೆಯಾದೀತೆಂದು ನಂಬಲು ಕಾರಣಗಳಿದ್ದುವು. 1991ರಲ್ಲಿ ಏಳು ಸಣ್ಣ ಪರೀಕ್ಷೆಗಳ ಫಲಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ಲವಣವನ್ನು ಪಡೆದ 657 ರೋಗಿಗಳಲ್ಲಿ 25 ಮಂದಿಯೂ, ಪಡೆಯದ 644 ಮಂದಿಯಲ್ಲಿ 53 ಮಂದಿಯೂ ಮೃತಪಟ್ಟಿದ್ದರು. ಸಾವು ಅರ್ಧಕ್ಕಿಂತ ಹೆಚ್ಚು ತಗ್ಗಿದಂತಾಯಿತು! ಮರುವರ್ಷ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 2,316 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಅಲ್ಲಿಯೂ ಸಾವು ಸುಮಾರು ಕಾಲುಭಾಗ ಇಳಿದಿತ್ತು. ಇಷ್ಟು ಅಗ್ಗದ ವಸ್ತುವಿನಿಂದ ಇಷ್ಟು ಪ್ರಾಣ ಉಳಿಯುವುದಾದರೆ ಅದನ್ನು ಕೊಡದಿರುವುದೇ ತಪ್ಪೆಂದು ಯಾರಿಗಾದರೂ ತೋರಬೇಕಾದದ್ದೇ.

1995ರಲ್ಲಿ ಐಸಿಸ್-4 ಎಂಬ ಮಹಾಪರೀಕ್ಷೆಯ ವರದಿ ಹೊರಬಿದ್ದಿತು. ಆಕ್ಸ್‌ಫರ್ಡ್‌ನಿಂದ ನಿರ್ದೇಶಿತವಾದ ಈ ಪರೀಕ್ಷೆಯಲ್ಲಿದ್ದ ರೋಗಿಗಳು 58,050 ಮಂದಿ. ಅವರನ್ನು ಚೀಟಿ ಎತ್ತಿದಂತೆ ಎರಡು ಸಮಪಾಲು ಮಾಡಲಾಗಿತ್ತು. ಮೆಗ್ನೀಸಿಯಮ್ ಪಡೆದ ಪಾಲಿನಲ್ಲಿ 2,216 ಸಾವುಗಳು. ಪಡೆಯದ ಪಾಲಿನಲ್ಲಿ 2,103. ಲಾಭವೆಂಬುದು ಹೇಳಹೆಸರಿಲ್ಲದಂತೆ ಹೋಗಿತ್ತು.

ಹಾಗಾದರೆ ಮೊದಲಿನ ಅಂಕಿಗಳು ಸುಳ್ಳೆ? ಸುಳ್ಳಲ್ಲ. ಅವುಗಳಿಗೆ ಎಷ್ಟು ತೂಕ ಕೊಡಬೇಕೆಂಬುದೇ ಪ್ರಶ್ನೆ. ಈ ತೂಕದ ಲೆಕ್ಕಕ್ಕೆ ದಾರಿ ತೋರಿಸಿದವನು 18ನೆಯ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್. ಅವನ ಪ್ರಬಂಧವು ರಾಯಲ್ ಸೊಸೈಟಿಯನ್ನು ಮುಟ್ಟಿದುದು ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ. ಅದರ ಸಾರವಿಷ್ಟು: ಹೊಸ ಸಾಕ್ಷ್ಯವನ್ನು ಬರಿದಾದ ಮನಸ್ಸಿನ ಮೇಲೆ ಬರೆಯಲಾಗದು; ಅದಕ್ಕೆ ಮೊದಲು ನಮಗೆ ತಿಳಿದಿದ್ದುದನ್ನೂ ಅಂಕಿಯ ರೂಪಕ್ಕೆ ತಂದು ಎರಡನ್ನೂ ಕೂಡಿಸಬೇಕು.

ಭೌತಶಾಸ್ತ್ರದ ಪರಿಚಯವುಳ್ಳ ವಾಚಕರಿಗೆ ಇದನ್ನು ಒಂದು ಉದ್ದನೆಯ ಸರಳಿನಿಂದ ವಿವರಿಸಬಹುದು. ಸರಳಿನ ಮಧ್ಯದ ಗುರುತು ‘ಔಷಧದಿಂದ ಫಲವಿಲ್ಲ’ ಎಂಬುದು. ಎಡಕ್ಕೆ ಹೋದಷ್ಟೂ ಲಾಭ, ಬಲಕ್ಕೆ ಹೋದಷ್ಟೂ ಹಾನಿ. ಪ್ರತಿಯೊಂದು ಪರೀಕ್ಷೆಯೂ ತಾನು ಕಂಡ ಫಲದ ಗುರುತಿನಲ್ಲಿ ತೂಗಹಾಕಿದ ಒಂದು ಬೊಟ್ಟು. ಎಲ್ಲ ಬೊಟ್ಟುಗಳ ಗುರುತ್ವ ಕೇಂದ್ರ ಎಲ್ಲಿ ಬೀಳುವುದೋ ಅದೇ ನಮ್ಮ ಈಗಿನ ಅಭಿಪ್ರಾಯ. ಬೊಟ್ಟಿನ ತೂಕವಾದರೋ ರೋಗಿಗಳ ಸಂಖ್ಯೆಯಿಂದ ಬರುವುದಲ್ಲ, ಸ್ಥೂಲವಾಗಿ ಸಾವುಗಳ ಸಂಖ್ಯೆಯಿಂದ ಬರುವುದು. ಬದುಕಿ ಮನೆಗೆ ಹೋದವರು ಎರಡು ಪಾಲುಗಳ ನಡುವಣ ಭೇದವನ್ನು ಅಷ್ಟಾಗಿ ತಿಳಿಸಲಾರರು. ಈ ಅಳತೆಯಂತೆ ಏಳು ಸಣ್ಣ ಪರೀಕ್ಷೆಗಳ ತೂಕ ಒಟ್ಟು 78, ಲೆಸ್ಟರಿನದು 208, ಐಸಿಸ್-4ರದು 4,319.

ಇನ್ನು ಮೊದಲೇ ತಿಳಿದಿದ್ದುದೇನು? 1988ರಲ್ಲಿ ಪ್ರಕಟವಾದ ಐಸಿಸ್-2 ಪರೀಕ್ಷೆಯಲ್ಲಿ ಆಸ್ಪಿರಿನ್ ಆಗಲಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಆಗಲಿ ಹೃದಯಾಘಾತದ ಸಾವನ್ನು ಇಳಿಸಿದ್ದು ಸುಮಾರು ಕಾಲುಭಾಗದಷ್ಟು. ಅಂದಿನ ಅತ್ಯುತ್ತಮ ಔಷಧಗಳ ಸಾಧನೆಯೇ ಅಷ್ಟು. ಆದುದರಿಂದ ಸಂದೇಹಿಯೊಬ್ಬನು ‘ಮೆಗ್ನೀಸಿಯಮ್ಮಿನಿಂದ ಬಹುಶಃ ಏನೂ ಆಗದು, ಆದರೂ ಕಾಲುಭಾಗವನ್ನು ಮೀರುವುದು ಬಹಳ ಅಪರೂಪ’ ಎಂದು ಹೇಳಿದರೆ ಅದು ಹಟದ ಮಾತಲ್ಲ. ಲೆಕ್ಕ ಹಾಕಿದರೆ ಅವನ ಈ ಅನುಮಾನವು ಮಧ್ಯದ ಗುರುತಿನಲ್ಲಿ ತೂಗುವ ಸುಮಾರು 200ರ ಬೊಟ್ಟಿಗೆ ಸಮನಾಗುತ್ತದೆ.

ಈಗ ಏಳು ಪರೀಕ್ಷೆಗಳ 78ನ್ನು ಅದರೊಡನೆ ತೂಗಹಾಕೋಣ. (ಸರಳಿನ ಮೇಲಿನ ಗುರುತುಗಳು ಲಾಗರಿತಮ್ ಕ್ರಮದಲ್ಲಿರಬೇಕೆಂಬುದನ್ನು ಗಣಿತಪ್ರಿಯರು ಗಮನಿಸಬೇಕು.) ಅರ್ಧಕ್ಕಿಂತ ಮಿಗಿಲಾಗಿದ್ದ ಲಾಭವು ಶೇಕಡಾ 20ಕ್ಕೆ ಕುಗ್ಗುತ್ತದೆ, ಅಷ್ಟೇ ಅಲ್ಲ, ‘ಏನೂ ಫಲವಿಲ್ಲ’ ಎಂಬ ಸಾಧ್ಯತೆಯೂ ಲೆಕ್ಕದಲ್ಲಿ ಉಳಿದುಕೊಳ್ಳುತ್ತದೆ. ಅಲ್ಲಿಗೆ ಆ ಉತ್ಸಾಹಕ್ಕೆ ಅರ್ಧ ಕಡಿವಾಣ ಬಿದ್ದಂತೆ.

ಆದರೆ ಬೇಯ್ಸನ ವಿಧಾನವನ್ನು ಮಂತ್ರದಂಡವೆಂದು ಬಗೆಯಬಾರದು. ಲೆಸ್ಟರಿನ 208ನ್ನು ಸೇರಿಸಿದೊಡನೆ ಕೇಂದ್ರವು ಶೇಕಡಾ 23ರ ಬಳಿಗೆ ಸರಿದು, ನಮ್ಮ ಸಂದೇಹಿಯೂ ಒಪ್ಪಬೇಕಾಗುತ್ತದೆ! ಇಲ್ಲಿಯೇ ಎರಡನೆಯ ತೊಡಕು ಬರುವುದು. ಸಣ್ಣ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಕಂಡವು ಅಚ್ಚಾಗುತ್ತವೆ; ಕಾಣದವು ಮೇಜಿನ ಖಾನೆಯಲ್ಲಿ ಉಳಿಯುತ್ತವೆ. ಹೀಗೆ ಸರಳಿನ ಬಲಗಡೆ ಇರಬೇಕಾದ ಬೊಟ್ಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಆದಕಾರಣ ಅಚ್ಚಾದ ಸಣ್ಣ ಪರೀಕ್ಷೆಗಳ ತೂಕವನ್ನು ಇನ್ನಷ್ಟು ತಗ್ಗಿಸಿಯೇ ಸೇರಿಸಬೇಕಾಗುತ್ತದೆ. ಎಷ್ಟು ತಗ್ಗಿಸಬೇಕೆಂಬುದು ಮಾತ್ರ ವಿವೇಚನೆಯ ವಿಷಯ. ಆರ್. ಎ. ಫಿಷರ್‌ನಂತಹ ಸಂಖ್ಯಾಶಾಸ್ತ್ರಜ್ಞನು ಈ ಮಾರ್ಗವನ್ನು ಕಟುವಾಗಿ ವಿರೋಧಿಸಿದುದು ಪೂರ್ವಾನುಮಾನವು ಪೂರ್ವಗ್ರಹವಾದೀತೆಂಬ ಇಂಥ ಭಯದಿಂದಲೇ. ಭಯ ನಿರಾಧಾರವಲ್ಲ, ಆದರೂ ಬಚ್ಚಿಟ್ಟ ಊಹೆಗಿಂತ ಬರೆದಿಟ್ಟ ಊಹೆ ಮೇಲೆಂದು ನಮಗೆ ತೋರುತ್ತದೆ.

ಈ ಊಹೆಯಿಂದ ಇನ್ನೊಂದು ಉಪಯೋಗವುಂಟು. ‘ಈ ಪರೀಕ್ಷೆ ಗೆಲ್ಲುವ ಸಂಭವ ನೂರಕ್ಕೆ ತೊಂಬತ್ತು’ ಎಂದು ಯೋಜಕರು ಹೇಳುವಾಗ, ಔಷಧವು ತಾವು ಎಣಿಸಿದಷ್ಟೇ ಗುಣಕಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಸಂದೇಹಿಯ ಬೊಟ್ಟನ್ನೂ ಸೇರಿಸಿ ಸರಾಸರಿ ತೆಗೆದರೆ ಆ ತೊಂಬತ್ತು ಬಹಳ ಕೆಳಗೆ ಇಳಿಯಬಹುದು. ಸೋಲೆಂದು ನಾವು ಕರೆಯುವುದರಲ್ಲಿ ಎಷ್ಟೋ ಭಾಗ ಆರಂಭದ ದಿನವೇ ಅಂಕಿಗಳಲ್ಲಿ ಅಡಗಿರುತ್ತದೆ.

ಐಸಿಸ್-4ರ 4,319ನ್ನು ಸರಳಿಗೆ ಹಾಕಿದ ಮೇಲೆ ಉಳಿದ ಬೊಟ್ಟುಗಳು ಇದ್ದೂ ಇಲ್ಲದಂತೆ. ಕೇಂದ್ರವು ನಡುಗುರುತಿನ ಬಳಿಗೇ ಬಂದು ನಿಲ್ಲುತ್ತದೆ. ಆದರೂ ವಾದ ಅಡಗಲಿಲ್ಲ. ಐಸಿಸ್-4ರಲ್ಲಿ ಲವಣವನ್ನು ತಡವಾಗಿ ಕೊಟ್ಟರು, ಬೇಗನೆ ಕೊಟ್ಟಿದ್ದರೆ ಫಲ ಕಾಣುತ್ತಿತ್ತೆಂದು ಕೆಲವರು ಹೇಳಿದರು. ಕೇಳತಕ್ಕ ಆಕ್ಷೇಪವೇ. ಆದುದರಿಂದ ಹೆಚ್ಚಿನ ಅಪಾಯದಲ್ಲಿದ್ದ 6,213 ರೋಗಿಗಳಿಗಾಗಿ ಮ್ಯಾಜಿಕ್ ಎಂಬ ಹೆಸರಿನ ಇನ್ನೊಂದು ಪರೀಕ್ಷೆಯನ್ನು ಏರ್ಪಡಿಸಿ, ಆಘಾತವಾದ ಕೆಲವೇ ಗಂಟೆಗಳೊಳಗೆ ಲವಣವನ್ನು ಕೊಡಲಾಯಿತು. 2002ರಲ್ಲಿ ಅದರ ಫಲ ಪ್ರಕಟವಾಯಿತು. ಮೂವತ್ತು ದಿನಗಳೊಳಗೆ ಮೃತರಾದವರು ಮೆಗ್ನೀಸಿಯಮ್ ಪಡೆದವರಲ್ಲಿ ಶೇಕಡಾ 15.3, ಪಡೆಯದವರಲ್ಲಿ ಶೇಕಡಾ 15.2.