ನಿಶಾತ್ ಬಾಗ್: ಮೋಟಾರ್ ಇಲ್ಲದ ಕಾಲದ ಕಾರಂಜಿ

ಶ್ರೀನಗರಕ್ಕೆ ಪ್ರವಾಸ ಹೋದವರು ನಿಶಾತ್ ಬಾಗ್‌ನಲ್ಲಿ ತಪ್ಪದೆ ಮಾಡೋ ಕೆಲಸ ಒಂದಿದೆ: ಕಾಶ್ಮೀರಿ ಉಡುಪು ಬಾಡಿಗೆಗೆ ತಗೊಂಡು ಫೋಟೋ ತೆಗೆಸಿಕೊಳ್ಳೋದು. ಈ ರಜೆಯಲ್ಲಿ ನಾವೂ ತೆಗೆಸಿಕೊಂಡೆವು. ಆದರೆ ಐದು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಾರಂಜಿಯ ಮುಂದೆ ನಿಂತರೆ ಚರ್ಚೆ ಶುರುವಾಗದೆ ಇರುತ್ತದೆಯೇ? ಈ ತೋಟ 1633ರಷ್ಟು ಹಳೆಯದು. ಕರೆಂಟು, ಮೋಟಾರು ಇಲ್ಲದ ಕಾಲದಲ್ಲಿ ನೀರನ್ನು ಚಿಮ್ಮಿಸಿದ್ದು ಹೇಗೆ?

ಉತ್ತರ ತೋಟದ ಆಕಾರದಲ್ಲೇ ಇದೆ. ಹಿಂದೆ ಜಬರ್ವಾನ್ ಬೆಟ್ಟ, ಮುಂದೆ ದಾಲ್ ಸರೋವರ. ನಡುವಿನ ಇಳಿಜಾರನ್ನು ಹನ್ನೆರಡು ಹಂತಗಳಾಗಿ ಕಡಿದಿದ್ದಾರೆ. ರಾಶಿಗೊಂದರಂತೆ ಹನ್ನೆರಡು ಅಂತ ಹೇಳುತ್ತಾರೆ. ಬೆಟ್ಟದ ಕಡೆಯಿಂದ ಬಂದ ನೀರು ನಟ್ಟನಡುವಿನ ಕಾಲುವೆಯಲ್ಲಿ ಹಂತದಿಂದ ಹಂತಕ್ಕೆ ಇಳಿಯುತ್ತದೆ. ಮೇಲಿನ ಹಂತದ ನೀರನ್ನು ನೆಲದಡಿಯ ಕೊಳವೆಯಲ್ಲಿ ಕೆಳಗಿನ ಹಂತಕ್ಕೆ ತಂದು ಸಣ್ಣ ಬಾಯಿಯಿಂದ ಹೊರಬಿಟ್ಟರೆ ಕಾರಂಜಿ ಸಿದ್ಧ. ಎರಡು ಮೀಟರ್ ಎತ್ತರದ ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲೆಕ್ಕದಲ್ಲಿ ನೀರು ಸೆಕೆಂಡಿಗೆ ಸುಮಾರು 6.3 ಮೀಟರ್ ವೇಗದಲ್ಲಿ ಹೊರಬರಬೇಕು, ಎರಡು ಮೀಟರ್ ಏರಬೇಕು. ಕೊಳವೆಯ ಘರ್ಷಣೆ, ಗಾಳಿಯ ತಡೆ ಕಳೆದರೆ ಸ್ವಲ್ಪ ಕಡಿಮೆ. ಬರ್ನೂಲಿ ಹುಟ್ಟಿದ್ದು 1700ರಲ್ಲಿ ಅನ್ನೋದನ್ನೂ ನೆನಪಿಡಿ.

ನಮಗೆ ಕಾರಂಜಿಗಿಂತ ಹಿಡಿಸಿದ್ದು ‘ಚಾದರ್’. ಒಂದು ಹಂತದಿಂದ ಇನ್ನೊಂದಕ್ಕೆ ನೀರು ಇಳಿಯುವಲ್ಲಿ ಓರೆಯಾಗಿ ನಿಲ್ಲಿಸಿದ ಕಲ್ಲು ಅದು. ಅದರ ಮೈಮೇಲೆ ಬೇಕೆಂದೇ ಏರಿಳಿತ ಕೆತ್ತಿದ್ದಾರೆ. ನುಣುಪಾದ ಕಲ್ಲಾಗಿದ್ದರೆ ನೀರು ಗಾಜಿನ ಹಾಗೆ ಸದ್ದಿಲ್ಲದೆ ಜಾರಿಹೋಗುತ್ತಿತ್ತು. ಒರಟು ಕಲ್ಲಿನ ಮೇಲೆ ಹರಿವು ಒಡೆದು, ಗಾಳಿ ಸೇರಿಕೊಂಡು, ಬೆಳ್ಳಗೆ ನೊರೆಯಾಗಿ ಇಳಿಯುತ್ತದೆ, ಜೊತೆಗೆ ಸದ್ದೂ ಮಾಡುತ್ತದೆ. ಲ್ಯಾಬಿನಲ್ಲಿ ಟರ್ಬುಲೆನ್ಸ್ ಅಂದರೆ ನಮಗೆ ಬರೀ ನಷ್ಟದ ಲೆಕ್ಕ. ಇಲ್ಲಿ ಅದೇ ಅಲಂಕಾರ.

ಎಲ್ಲ ಮೇಲಿನಿಂದಲೇ ಬರಬೇಕು ಅಂದಮೇಲೆ, ಮೇಲೆ ತಡೆದರೆ ಎಲ್ಲವೂ ನಿಂತಂತೆ. ತೋಟ ಕಟ್ಟಿಸಿದ ಆಸಫ್ ಖಾನ್ ನೂರ್‌ಜಹಾನಳ ಅಣ್ಣ, ಷಹಜಹಾನನಿಗೆ ಹೆಣ್ಣು ಕೊಟ್ಟ ಮಾವ. ಅಲ್ಲಿ ಹೇಳುವ ಕಥೆ ಹೀಗಿದೆ: ಅಳಿಯ ತೋಟ ನೋಡಿ ಮೂರು ಸಲ ಹೊಗಳಿದ, ‘ನಿಮಗೇ ಇರಲಿ’ ಅನ್ನಲಿ ಅಂತ. ಮಾವ ಅನ್ನಲಿಲ್ಲ. ಬಾದಶಹನ ಶಾಲಿಮಾರ್ ತೋಟಕ್ಕೂ ಇದಕ್ಕೂ ನೀರಿನ ಮೂಲ ಒಂದೇ. ಸಿಟ್ಟಾದ ಬಾದಶಹ ನಿಶಾತ್‌ನ ನೀರು ನಿಲ್ಲಿಸಿಬಿಟ್ಟ. ತೋಟ ಒಣಗಿತು. ಮರದಡಿ ಸಪ್ಪೆಮೋರೆ ಹಾಕಿ ಮಲಗಿದ್ದ ಒಡೆಯನನ್ನು ನೋಡಲಾರದೆ ಒಬ್ಬ ಸೇವಕ ಗುಟ್ಟಾಗಿ ನೀರು ಬಿಟ್ಟ. ಸದ್ದಿಗೆ ಎಚ್ಚೆತ್ತ ಆಸಫ್ ಖಾನ್ ಹೆದರಿ ನಿಲ್ಲಿಸು ಅಂದನಂತೆ. ಆದರೆ ವಿಷಯ ತಿಳಿದ ಬಾದಶಹ ಆ ಸೇವಕನನ್ನು ಶಿಕ್ಷಿಸದೆ ನೀರಿನ ಹಕ್ಕನ್ನೇ ಮರಳಿ ಕೊಟ್ಟ. ಕಥೆ ಎಷ್ಟು ನಿಜವೋ, ಹೈಡ್ರಾಲಿಕ್ಸ್ ಮಾತ್ರ ಪೂರ್ತಿ ಸರಿ. ಕಾವೇರಿ ಸುದ್ದಿ ಓದಿ ಬೆಳೆದ ನಮಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ನಮ್ಮ ಕೆಆರ್‌ಎಸ್‌ನ ಬೃಂದಾವನವನ್ನು ದಿವಾನ್ ಮಿರ್ಜಾ ಇಸ್ಮಾಯಿಲ್ ರೂಪಿಸಿದ್ದು ಇದೇ ಶಾಲಿಮಾರ್ ಮಾದರಿಯಲ್ಲಿ. ಅಲ್ಲಿ ಬೆಟ್ಟದ ಜಾಗದಲ್ಲಿ ಅಣೆಕಟ್ಟು ನಿಂತಿದೆ.

ನೀವು ನಿಶಾತ್‌ಗೆ ಹೋದರೆ ಕೆಳಗಿನ ಹೂವಿನ ಮಡಿಗಳಲ್ಲೇ ಕಾಲ ಕಳೆಯಬೇಡಿ. ಕಾಲುವೆ ಪಕ್ಕದಲ್ಲೇ ಮೇಲಿನ ಹಂತದವರೆಗೆ ಹತ್ತಿ, ಚಿನಾರ್ ನೆರಳಲ್ಲಿ ಕೂತು ಕೆಳಗೆ ನೋಡಿ. ಬೆಟ್ಟದಿಂದ ಬಂದ ನೀರು ಹಂತಹಂತವಾಗಿ ದಾಲ್ ಕಡೆಗೆ ಇಳಿಯುವ ಇಡೀ ದಾರಿ ಅಲ್ಲಿಂದ ಕಾಣುತ್ತದೆ.